ಕಾರಿಲ್ಲದೆ ಕಿಯಾಮಾ: ಬ್ಲೋಹೋಲ್ ಚಿಮ್ಮುವ ದಿನ ಹಿಡಿದಿದ್ದು ಹೀಗೆ

ಕಿಯಾಮಾ ಆಸ್ಟ್ರೇಲಿಯಾದ ಒಂದು ಕಡಲೂರು. ಅಲ್ಲಿನ ಬ್ಲೋಹೋಲ್ ಅಂದರೆ ಅಲೆ ಒಳಗೆ ನುಗ್ಗಿದಾಗ ನೀರು ಮೇಲಕ್ಕೆ ಚಿಮ್ಮುವ ಬಂಡೆಯ ತೂತು. ಅಲ್ಲಿಗೆ ಹೋಗಿ ಬಂದ ನಮ್ಮವರನ್ನು ಕೇಳಿ ನೋಡಿ. ಅರ್ಧ ಜನ ಹೇಳುವುದು ಇಷ್ಟೇ: "ಹೋದ್ವಿ, ತೂತು ನೋಡಿದ್ವಿ, ಏನೂ ಚಿಮ್ಮಲಿಲ್ಲ, ಚಿಪ್ಸ್ ತಿಂದು ವಾಪಸ್ ಬಂದ್ವಿ." ಸಿಡ್ನಿಯಿಂದ ದಕ್ಷಿಣಕ್ಕೆ 120 ಕಿಲೋಮೀಟರ್ ಕಾರು ಓಡಿಸಿ, ಟೋಲ್ ಕಟ್ಟಿ, ಪಾರ್ಕಿಂಗಿಗೆ ಸುತ್ತು ಹೊಡೆದು, ಕೊನೆಗೆ ಒಣ ಬಂಡೆ ನೋಡಿಕೊಂಡು ಬರುವುದು. ನಾವೂ ಮೊದಮೊದಲು ಹಾಗೇ ಬಂದವರು. ಆದರೆ ಈಗ ಕೆಲವು ವರ್ಷಗಳಿಂದ ನನ್ನ ಜೊತೆ ಬಂದವರು ಯಾರೂ ಚಿಮ್ಮುವುದನ್ನು ನೋಡದೆ ವಾಪಸ್ ಹೋಗಿಲ್ಲ. ಅದೂ ಕಾರಿಲ್ಲದೆ, ರೈಲಿನಲ್ಲಿ.

ರೈಲು ಅಂದಾಗ ನಕ್ಕವರೇ ಜಾಸ್ತಿ. ಸಿಡ್ನಿಯ ಪಶ್ಚಿಮದ ವೆಂಟ್ವರ್ತ್‌ವಿಲ್ ಕಡೆಯ ನಮ್ಮ ಬಳಗದಲ್ಲಿ ಎರಡೆರಡು ಕಾರು ಇಟ್ಟುಕೊಂಡು ರೈಲು ಹತ್ತುವವನು ಅಂದರೆ ಶುದ್ಧ ಜಿಪುಣ. "ಅಪ್ಪ ಅಮ್ಮ ಮೈಸೂರಿಂದ ಬಂದಿದ್ದಾರೆ, ಅವರನ್ನ ರೈಲಲ್ಲಿ ಎಳ್ಕೊಂಡು ಹೋಗ್ತೀಯಾ?" ಅಂತ ಒಬ್ಬರು ನೇರವಾಗಿಯೇ ಕೇಳಿದರು. ದುಡ್ಡು ಉಳಿಯುತ್ತದೆ, ಇಲ್ಲ ಅನ್ನುವುದಿಲ್ಲ. ಅದರ ಲೆಕ್ಕ ಆಮೇಲೆ ಹೇಳುತ್ತೇನೆ. ನಾನು ರೈಲು ಹಿಡಿದಿದ್ದಕ್ಕೆ ಕಾರಣ ಬೇರೆ. ಅದಕ್ಕೆ ಬುಕಿಂಗ್ ಬೇಡ. ಇಲ್ಲಿನ ರೈಲು ಬಸ್ಸಿನ ಓಪಲ್ ಕಾರ್ಡ್ ತಟ್ಟಿದರೆ ಮುಗಿಯಿತು. ಅಂದರೆ ಹೋಗುವುದೋ ಬೇಡವೋ ಅಂತ ಹಿಂದಿನ ರಾತ್ರಿ ತೀರ್ಮಾನ ಮಾಡಬಹುದು. ಬ್ಲೋಹೋಲ್ ವಿಷಯದಲ್ಲಿ ಇಡೀ ಆಟ ಇರುವುದೇ ಅಲ್ಲಿ. ದಿನ ನಾವು ಆರಿಸಬಾರದು, ಸಮುದ್ರ ಆರಿಸಬೇಕು.

ಜನ ಎಡವುವುದು ಎಲ್ಲಿ ಅಂದರೆ, ಹವಾಮಾನ ನೋಡುವಾಗ ಗಾಳಿ ಮತ್ತು ಮಳೆ ಮಾತ್ರ ನೋಡುತ್ತಾರೆ. ಬಿಸಿಲಿದೆ, ಗಾಳಿ ಇಲ್ಲ, ಆಹಾ ಒಳ್ಳೆ ದಿನ ಅಂತ ಹೊರಡುತ್ತಾರೆ. ಬ್ಲೋಹೋಲಿಗೆ ಅಂಥ ದಿನ ದಂಡ. ಹವಾಮಾನ ಇಲಾಖೆಯ ಪುಟದಲ್ಲಿ ಕಿಯಾಮಾ ಇರುವ ಇಲ್ಲವಾರಾ ಕರಾವಳಿಯ ಮುನ್ಸೂಚನೆ ಬೇರೆಯೇ ಇರುತ್ತದೆ, ದೋಣಿಯವರಿಗೆ ಅಂತ. ಅದರಲ್ಲಿ ಗಾಳಿ ಎಬ್ಬಿಸುವ ಅಲೆ ಒಂದು ಸಾಲು, ದೂರದಿಂದ ಬರುವ ಸ್ವೆಲ್ ಇನ್ನೊಂದು ಸಾಲು. ನಮಗೆ ಬೇಕಾಗಿದ್ದು ಎರಡನೆಯದು. ಸ್ವೆಲ್ ಆಗ್ನೇಯದಿಂದ ಬರಬೇಕು. ಎರಡು ಮೀಟರ್ ಆಸುಪಾಸು ಇದ್ದರೆ ನಾನು ಬ್ಯಾಗ್ ತೆಗೆಯುತ್ತೇನೆ. ಒಂದು ಮೀಟರ್ ಅಂತ ಇದ್ದರೆ ಮನೆಯಲ್ಲೇ ಇರುತ್ತೇನೆ. ಅಲೆಗೂ ಅಲೆಗೂ ನಡುವೆ ಸೆಕೆಂಡು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಕಿಯಾಮಾದ ಉತ್ತರಕ್ಕೆ ಪೋರ್ಟ್ ಕೆಂಬ್ಲಾ ಹತ್ತಿರ ಸಮುದ್ರದಲ್ಲಿ ತೇಲುವ ಅಳತೆಯ ಉಪಕರಣವೊಂದಿದೆ, ಅದು ನಿಜವಾಗಿ ಬರುತ್ತಿರುವ ಅಲೆಯ ಅಳತೆ ಕೊಡುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನೊಮ್ಮೆ ನೋಡಿ, ಆಮೇಲೆ ಬೂಟು ಹಾಕುತ್ತೇನೆ. ಉಬ್ಬರವಿಳಿತವನ್ನು ಇದರ ಜೊತೆ ಹೇಗೆ ಸೇರಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಒಂದು ನೋಟ್‌ಬುಕ್ ತುಂಬಾ ಬರೆದಿಟ್ಟಿದ್ದೇನೆ, ಸುಮ್ನೆ ಸಿಕ್ಕಿದ್ದಲ್ಲ ಅದು.

ಸರಿಯಾದ ದಿನ ಅಲ್ಲಿ ನಿಂತರೆ ಮೊದಲು ಗೊತ್ತಾಗುವುದು ಕಾಲಿಗೆ. ಬಂಡೆಯ ಒಳಗೆಲ್ಲೋ "ಧುಂ" ಅಂತ ಒಂದು ಗುದ್ದು. ಆಮೇಲೆ ಉಸಿರೆಳೆಯುವಷ್ಟು ಹೊತ್ತು ಏನೂ ಇಲ್ಲ. ಹೊಸಬರು ಇಷ್ಟೇನಾ ಅಂತ ಫೋನ್ ಇಳಿಸುತ್ತಾರೆ. ಅಷ್ಟರಲ್ಲಿ ನೀರು ಬರುತ್ತದೆ. ದೊಡ್ಡ ದಿನಗಳಲ್ಲಿ 25 ಮೀಟರ್‌ವರೆಗೂ ಹೋಗುತ್ತದೆ, ಹಿಂದಿನ ಬಿಳಿ ಲೈಟ್‌ಹೌಸ್ ಗಿಡ್ಡ ಕಾಣುತ್ತದೆ. ಆ ಲೈಟ್‌ಹೌಸ್ 1887ರದ್ದು. ಅಪ್ಪನಿಗೆ ಅದರ ಮೇಲೆ ಬಂದ ಆಸೆ ಬ್ಲೋಹೋಲಿನ ಮೇಲೆ ಬರಲಿಲ್ಲ, ಅದು ಬೇರೆ ವಿಷಯ. ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನಿಗಿದ್ದರೆ ತುಂತುರಿನಲ್ಲಿ ಕಾಮನಬಿಲ್ಲು ಕಾಣುತ್ತದೆ. ಎಲ್ಲಿ ನಿಂತರೆ ಪೂರ್ತಿ ಕಾಣುತ್ತದೆ ಅಂತ ಹೇಳುವುದಿಲ್ಲ, ಎಲ್ಲರೂ ಬಂದು ನಿಂತರೆ ನನಗೆ ಜಾಗ ಎಲ್ಲಿ? ಆದರೆ ಅದು ಬೇಲಿಯ ಈಚೆಗೇ ಇದೆ. ಬೇಲಿ ದಾಟಬೇಡಿ. ಅಲ್ಲಿ ಜನ ಸತ್ತಿದ್ದಾರೆ, ಇದರಲ್ಲಿ ತಮಾಷೆ ಇಲ್ಲ.

ಸ್ವೆಲ್ ಈಶಾನ್ಯದಿಂದ ಬರುತ್ತಿದ್ದರೆ? ಬೇಸಿಗೆಯಲ್ಲಿ ಹೀಗೆ ಆಗುವುದು ಜಾಸ್ತಿ. ಆಗ ದೊಡ್ಡದರ ಹತ್ತಿರ ಕಾಯುವುದು ದಂಡ. ದಕ್ಷಿಣಕ್ಕೆ ಎರಡು ಕಿಲೋಮೀಟರ್ ನಡೆದರೆ ಮಾರ್ಸ್‌ಡೆನ್ ಹೆಡ್ ಅಂತ ಇದೆ, ಅಲ್ಲಿ ಲಿಟ್ಲ್ ಬ್ಲೋಹೋಲ್. ಸಣ್ಣ ತೂತು, ಹಾಗಾಗಿ ಸಣ್ಣ ಅಲೆಗೂ ಕೋಪ. ಎತ್ತರ ಕಡಿಮೆ, ಆದರೆ ಪದೇ ಪದೇ ಹೊಡೆಯುತ್ತದೆ. ಒಂದು ಸಲ ಮಗಳು ಸ್ಟಾಪ್‌ವಾಚ್ ಹಿಡಿದು ಕೂತು, ಹತ್ತು ನಿಮಿಷಕ್ಕೆ ಎಷ್ಟು ಸಲ ಚಿಮ್ಮುತ್ತದೆ ಅಂತ ಎರಡೂ ಕಡೆ ಎಣಿಸಿದಳು. ಆ ದಿನ ಚಿಕ್ಕದೇ ಗೆದ್ದಿತು, ದೊಡ್ಡದರ ಎರಡರಷ್ಟು ಇತ್ತು ಅಂತ ನೆನಪು. ನಮ್ಮ ಮನೆಯಲ್ಲಿ ಈಗ ಚಿಕ್ಕದಕ್ಕೇ ಅಭಿಮಾನಿಗಳು ಹೆಚ್ಚು.

ಇನ್ನು ರೈಲು. ಸಿಡ್ನಿಯ ಸೆಂಟ್ರಲ್ ಸ್ಟೇಷನ್‌ನಿಂದ ಎರಡು ಗಂಟೆ ಚಿಲ್ಲರೆ. ಹೋಗುವಾಗ ಎಡಗಡೆ, ಮೇಲಿನ ಮಹಡಿ. ಕೋಲ್‌ಕ್ಲಿಫ್ ದಾಟುವಾಗ ಸಮುದ್ರ ಕಿಟಕಿಗೇ ಬರುತ್ತದೆ. ನಾವು ಹೋದ ರೈಲುಗಳಲ್ಲಿ ಸೀಟಿನ ಬೆನ್ನು ಹಿಂದೆ ಮುಂದೆ ತಿರುಗಿಸಬಹುದಿತ್ತು, ಆರು ಜನ ಎದುರು ಬದುರು ಕೂತು ಬುತ್ತಿ ಬಿಚ್ಚುತ್ತಿದ್ದೆವು. ರೈಲಿನೊಳಗೇ ಟಾಯ್ಲೆಟ್ ಇದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಕಾರಿನಲ್ಲಿ ಅಮ್ಮನಿಗೆ ಬುಲೈ ಇಳಿಜಾರಿನಲ್ಲಿ ತಲೆ ಸುತ್ತುತ್ತಿತ್ತು, ರೈಲಿನಲ್ಲಿ ಹೂ ಕಟ್ಟುತ್ತಾ ಕೂತಿದ್ದರು.

ಕೈ ಕೊಟ್ಟ ದಿನಗಳೂ ಇವೆ. ಟ್ರ್ಯಾಕ್‌ವರ್ಕ್, ಅಂದರೆ ಹಳಿ ರಿಪೇರಿ, ಇರುವ ವಾರಾಂತ್ಯ ಪೂರ್ತಿ ಹಾಳು. ರೈಲಿನ ಬದಲು ಬಸ್ಸು ಬಿಡುತ್ತಾರೆ. ಒಂದು ಸಲ ರೈಸ್ ಕುಕ್ಕರ್, ಹೊದಿಕೆ, ಅಜ್ಜಿ, ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ಇಳಿಸಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಬ್ಲೋಹೋಲಿಗೆ ರಾತ್ರಿ ದೀಪ ಹಾಕುತ್ತಾರೆ, ಅದೊಂದು ಸಮಾಧಾನ. ಈಗ ಮೊದಲು ಟ್ರ್ಯಾಕ್‌ವರ್ಕ್ ಪಟ್ಟಿ, ಆಮೇಲೆ ಸ್ವೆಲ್. ಇನ್ನೊಂದು ಸಲ ಎಲ್ಲ ಲೆಕ್ಕವೂ ಸರಿಯಿತ್ತು, ಸ್ವೆಲ್ ಮಾತ್ರ ಅರ್ಧ ದಿನ ತಡ ಮಾಡಿತು. ಮುನ್ಸೂಚನೆ ಹಾಗೆಯೇ, ಬಡಿದಾಡಿ ಪ್ರಯೋಜನವಿಲ್ಲ. ಅದಕ್ಕೇ ನಾನು ಒಂದು ರಾತ್ರಿ ಉಳಿಯುವುದು. ಹೋಗಿ ಅದೇ ದಿನ ಬರುವವರಿಗೆ ಈ ವಿಧಾನ ಅರ್ಧ ಮಾತ್ರ ಕೆಲಸ ಮಾಡುತ್ತದೆ.

ದುಡ್ಡಿನ ಲೆಕ್ಕ, ನೆನಪಿನಿಂದ. ವಾರಾಂತ್ಯದಲ್ಲಿ ದೊಡ್ಡವರಿಗೆ ಒಂದು ಕಡೆಗೆ 7 ಡಾಲರ್ ಸುತ್ತಮುತ್ತ. ಅದೇ ದಿನ ವಾಪಸಾದರೂ ದಿನದ ಮಿತಿ 10 ಡಾಲರ್ ದಾಟುವುದಿಲ್ಲ. ಶುಕ್ರವಾರಕ್ಕೂ ಈ ಮಿತಿ ಇದೆ, ಹಲವರಿಗೆ ಗೊತ್ತಿಲ್ಲ. ಮಕ್ಕಳಿಗೆ ಅರ್ಧ. ಊರಿಂದ ಬಂದ ಅಪ್ಪ ಅಮ್ಮನಿಗೆ ಹಿರಿಯರ ರಿಯಾಯಿತಿ ಸಿಗುವುದಿಲ್ಲ, ಪೂರ್ತಿ ದರವೇ. ಕಾರಿನಲ್ಲಾದರೆ ಪೆಟ್ರೋಲ್, ಟೋಲ್ ಸೇರಿ ನಮಗೆ 60–70 ಆಗುತ್ತಿತ್ತು. ಆರು ಜನ ರೈಲಿನಲ್ಲಿ ಹೋಗಿ, ಉಳಿದು ಬಂದರೂ ಹೆಚ್ಚು ಕಮ್ಮಿ ಅಷ್ಟೇ! ಅಂದರೆ ರೈಲಿನಲ್ಲಿ ಉಳಿತಾಯ ಏನೂ ಇಲ್ಲ. ಉಳಿತಾಯ ರಾತ್ರಿ ಉಳಿಯುವ ಬಾಡಿಗೆ ಕ್ಯಾಬಿನ್‌ನಲ್ಲಿ. ಜನವರಿಯಲ್ಲಿ 400ಕ್ಕೆ ಹತ್ತಿರ ಕೇಳುವ ಕ್ಯಾಬಿನ್ ಮೇ ತಿಂಗಳಲ್ಲಿ, ಕೊನೆಗಳಿಗೆಯಲ್ಲಿ ಕೇಳಿದಾಗ, ನನಗೆ 200ರ ಆಸುಪಾಸಿಗೆ ಸಿಕ್ಕಿದೆ. ಹೇಗೆ ಕೇಳಬೇಕು ಅನ್ನುವುದರಲ್ಲಿ ಒಂದು ಸಣ್ಣ ಉಪಾಯವಿದೆ. ಅದನ್ನು ಫೋನಿನಲ್ಲೇ ಮಾಡಬೇಕು, ಆನ್‌ಲೈನ್ ಅಲ್ಲ, ಅಷ್ಟು ಹೇಳಬಲ್ಲೆ.

ಮೇ ಯಾಕೆ ಅಂದರೆ, ಶಾಲೆ ರಜೆ ಮುಗಿದು ಊರು ಖಾಲಿ. ನೀರು ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ. ದಕ್ಷಿಣದ ಸ್ವೆಲ್ ಶುರುವಾಗಿರುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲಗಳು ಉತ್ತರಕ್ಕೆ ಹೊರಡುವ ಕಾಲವೂ ಅದೇ. ದೋಣಿಗೆ ದುಡ್ಡು ಕೊಡಬೇಡಿ, ಲೈಟ್‌ಹೌಸ್ ಹತ್ತಿರ ಒಂದು ಗಂಟೆ ಕೂತರೆ ದೂರದಲ್ಲಿ ಉಸಿರು ಚಿಮ್ಮುವುದು ಕಾಣುವ ಸಾಧ್ಯತೆ ಇದೆ. ಮಕ್ಕಳಿಗೆ ಈಜಲು ಕಲ್ಲಿನ ಕೊಳಗಳಿವೆ, ಬ್ಲೋಹೋಲ್ ಪಾಯಿಂಟಿನಲ್ಲಿ ಒಂದು, ಬಂದರಿನ ಆಚೆ ಕಾಂಟಿನೆಂಟಲ್ ಪೂಲ್. ಎರಡೂ ಪುಕ್ಕಟೆ. ಸರ್ಫ್ ಬೀಚಿನಲ್ಲಿ ಕೆಂಪು ಹಳದಿ ಬಾವುಟದ ನಡುವೆ ಮಾತ್ರ.

ಒಂದು ಸ್ಟೇಷನ್ ಹಿಂದೆ ಬಾಂಬೊ. ರೈಲಿಳಿದರೆ ಮರಳು, ಉತ್ತರ ತುದಿಯಲ್ಲಿ ಹಳೇ ಕಲ್ಲು ಕ್ವಾರಿ. ಸಿಡ್ನಿಯ ರಸ್ತೆಗೆ, ಟ್ರಾಮ್ ಹಳಿಗೆ ಇಲ್ಲಿಂದ ನೀಲಿಗಲ್ಲು ಹೋಗುತ್ತಿತ್ತು. ಕಡಿದು ಬಿಟ್ಟ ಗೋಡೆಯ ತುಂಬಾ ಲಾವಾ ಕಂಬಗಳು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಒಂದು ಕ್ಷಣ ಎಲ್ಲಿದ್ದೇವೆ ಅಂತ ಅನುಮಾನ ಬರುತ್ತದೆ. ಅಪ್ಪ ಒಂದೊಂದು ಕಂಬದ ಮುಖ ಎಣಿಸಿಕೊಂಡು ಓಡಾಡಿದರು, ಆರು ಮುಖದ್ದು ಸಿಕ್ಕಿದಾಗೆಲ್ಲ ನಮ್ಮನ್ನು ಕೂಗುವುದು.

ಕೋಸ್ಟ್ ವಾಕ್, ಅಂದರೆ ಸಮುದ್ರದಂಚಿನ ನಡಿಗೆ, ಮಾಡುವವರಿಗೆ ಒಂದು ಮಾತು. ಅದರ ದಕ್ಷಿಣ ತುದಿಯ ಊರು ಗೆರಿಂಗಾಂಗ್‌ಗೆ ಕಿಯಾಮಾದಲ್ಲಿ ಡೀಸೆಲ್ ರೈಲಿಗೆ ಬದಲಾಗಬೇಕು, ವಿದ್ಯುತ್ ತಂತಿ ಕಿಯಾಮಾಗೇ ಮುಗಿಯುತ್ತದೆ. ಆ ರೈಲು ತಪ್ಪಿದರೆ ತುಂಬಾ ಹೊತ್ತು ಕಾಯಬೇಕು. ಗೆರಿಂಗಾಂಗ್ ಕಡೆಯ ವೆರಿ ಲಗೂನ್‌ನಿಂದ ಕಿಯಾಮಾ ಕಡೆಯ ಲವ್ಸ್ ಬೇಗೆ 6 ಕಿಲೋಮೀಟರ್, ಹಸು ಮೇಯುವ ಗುಡ್ಡ, ಕೆಳಗೆ ಸಮುದ್ರ. ನೆರಳು ಇಲ್ಲ, ಟಾಯ್ಲೆಟ್ ಇಲ್ಲ, ನೀರು ಇಲ್ಲ. ಮಳೆಯ ಮರುದಿನ ಹೋದಾಗ ಲಗೂನಿನ ಬಾಯಿ ಸಮುದ್ರಕ್ಕೆ ತೆರೆದುಕೊಂಡು ರಭಸವಾಗಿ ಹರಿಯುತ್ತಿತ್ತು. ಶೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಬೈದುಕೊಂಡು ಹಿಂದಿರುಗಿದೆವು. ಜೋರು ಮಳೆಯಾದ ವಾರ ಕಿಯಾಮಾ ಕಡೆಯ ತುದಿಯಿಂದಲೇ ಶುರು ಮಾಡಿ, ಬೇಕಾದಷ್ಟು ನಡೆದು ವಾಪಸ್ ಬರುವುದು ಲೇಸು.

ಅಡಿಗೆಯ ಪ್ರಯೋಗಗಳು ಎಲ್ಲಾ ಗೆದ್ದಿಲ್ಲ. ದೋಸೆ ಹಿಟ್ಟು ಓವನ್ ಒಳಗೆ ಬರೀ ಲೈಟ್ ಹಾಕಿಟ್ಟರೆ ಚಳಿಯಲ್ಲೂ ಉಬ್ಬುತ್ತದೆ, ಅದು ಪಕ್ಕಾ. ಅಮ್ಮ ಕ್ಯಾಬಿನ್ ಜಗಲಿಯಲ್ಲಿ ಅರಳು ಸಂಡಿಗೆ ಹಾಕಿದರು, ಬಿಸಿಲು ಚೆನ್ನಾಗಿದೆ ಅಂತ. ಅರ್ಧ ಗಂಟೆಯಲ್ಲಿ ಸೀಗಲ್ ಹಕ್ಕಿಗಳು ತಟ್ಟೆ ಖಾಲಿ ಮಾಡಿದವು. ಉಳಿದದ್ದಕ್ಕೆ ಬಲೆ ಮುಚ್ಚಿದರೂ ಉಪ್ಪು ಗಾಳಿಗೆ ಸಂಜೆವರೆಗೂ ಒಣಗಲಿಲ್ಲ. ಪುಳಿಯೋಗರೆ ಗೊಜ್ಜು ಮಾತ್ರ ಯಾವತ್ತೂ ಕೈ ಬಿಟ್ಟಿಲ್ಲ. ಸಸ್ಯಾಹಾರಿಗಳಿಗೆ ಊರಲ್ಲಿ ಕೊನೆಗೆ ಉಳಿಯುವುದು ಪಿಜ್ಜಾ ಮತ್ತು ಚಿಪ್ಸ್, ಆದ್ದರಿಂದ ಕುಕ್ಕರ್ ಭಾರ ಅಂತ ಬಿಟ್ಟು ಹೋಗಬೇಡಿ.

ಕಾರಿಲ್ಲದೆ ಆಗದ ಜಾಗಗಳೂ ಇವೆ, ಮಿನ್ನಮುರಾ ಮಳೆಕಾಡು, ಸ್ಯಾಡಲ್‌ಬ್ಯಾಕ್ ಬೆಟ್ಟ. ಸ್ಯಾಡಲ್‌ಬ್ಯಾಕ್‌ಗೆ ಒಮ್ಮೆ ಟ್ಯಾಕ್ಸಿ ವಿಚಾರಿಸಿದೆ. ಮೇಲೆ ಕಾಯಿಸಿ ಕೆಳಗೆ ಕರೆತರಲು ಹೇಳಿದ ದರ ಕೇಳಿ ಅಪ್ಪ ರೂಪಾಯಿಗೆ ಲೆಕ್ಕ ಹಾಕಿದರು, ಅಲ್ಲಿಗೆ ಆ ಮಾತು ನಿಂತಿತು.

ಜಿಪುಣ ಅಂದವರು ಈಗ ಗುರುವಾರ ರಾತ್ರಿ ಮೆಸೇಜ್ ಮಾಡುತ್ತಾರೆ, "ಈ ವಾರ ಹೇಗಿದೆ, ಹೋಗಬಹುದಾ?" ಅಂತ. ನೋಡಿ ಹೇಳುತ್ತೇನೆ, ಬೇಜಾರಿಲ್ಲ. ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೆ ಮಾತ್ರ ಕೇಳಬೇಡಿ. ಸ್ವೆಲ್ ಸರಿಯಿದ್ದರೂ ಆಗ ಕ್ಯಾಬಿನ್ ಸಿಗುವುದಿಲ್ಲ.