ಬಿಳಿ ಕಾಲೊನಿ ಎಲ್ಲಾ ಪ್ರಿಯಾನ್ ಅಲ್ಲ: ವಿಜಯಪುರದ ಬಿಸಿಲಲ್ಲಿ ನನ್ನ ಅನುಭವ

ಸ್ಟ್ರೆಸ್ ಕೊಟ್ಟರೆ ಯೀಸ್ಟಿನಲ್ಲಿ ಪ್ರಿಯಾನ್ ಹೆಚ್ಚು ಹುಟ್ಟುತ್ತದಾ ಅಂತ ನೋಡುತ್ತಿದ್ದೆ. ಪ್ರಿಯಾನ್ ಅಂದರೆ ತಪ್ಪಾಗಿ ಮಡಚಿಕೊಂಡು, ತನ್ನಂಥ ಬೇರೆ ಪ್ರೋಟೀನನ್ನೂ ಹಾಗೇ ಮಾಡುವ ಪ್ರೋಟೀನ್. ಮೂರನೇ ಸಲ ಸೆಮಿನಾರಿನಲ್ಲಿ ಪ್ಲೇಟು ತೋರಿಸಿದಾಗ ಯಾರೂ ಎದುರಾಡಲಿಲ್ಲ. ಮೊದಲೆರಡು ಸಲ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರು: "ಮೇಡಮ್ಮಾರ, ಬರೇ ಬಣ್ಣಾ ನೋಡಿ ಪ್ರಿಯಾನ್ ಅಂದ್ರ ಹ್ಯಾಂಗ್ರಿ?" ಅವರ ಮಾತು ಸರಿಯೇ ಇತ್ತು. ಅದು ನನಗೆ ಅರ್ಥವಾಗಲು ಒಂದೂವರೆ ವರ್ಷ ಬೇಕಾಯಿತು. ಕೈಯಿಂದ ನಲವತ್ತು ಸಾವಿರದಷ್ಟು ಹೋಯಿತು.

ಸ್ಟ್ರೇನ್ ಎಲ್ಲರೂ ಬಳಸುವುದೇ. ಎಡಿಇ1-14 (ಅಡಿನಿನ್ ಮಾಡುವ ಜೀನಿನ ನಡುವೆ 'ನಿಲ್ಲು' ಅನ್ನುವ ಗುರುತು ಬಂದದ್ದು), ಪಿನ್-ಪ್ಲಸ್ (ಹೊಸ ಪ್ರಿಯಾನ್ ಹುಟ್ಟಲು ನೆರವಾಗುವ ಇನ್ನೊಂದು ಪ್ರಿಯಾನ್ ಇರುವುದು), ಸೈ-ಮೈನಸ್ (ನಾನು ಹುಡುಕುವ ಪ್ರಿಯಾನ್ ಇಲ್ಲದ್ದು). ವೈಪಿಡಿ (ಯೀಸ್ಟಿನ ಸಾದಾ ಆಹಾರದ ಪ್ಲೇಟು) ಮೇಲೆ ಕೆಂಪು. ಸಪ್35 ಅನ್ನುವ ಪ್ರೋಟೀನ್ ಪ್ರಿಯಾನ್ ಆಗಿ ಗಂಟು ಕಟ್ಟಿದರೆ ಆ ಗುರುತು ದಾಟಿ ಅಡಿನಿನ್ ತಯಾರಾಗುತ್ತದೆ, ಕಾಲೊನಿ ಬಿಳಿ.

ಸ್ಟ್ರೆಸ್ ಕೊಡಲು ಮೊದಲು ಹೀಟ್ ಹಿಡಿದೆ. ಮೇ ತಿಂಗಳಲ್ಲಿ ನಮ್ಮ ರೂಮೇ 40 ಡಿಗ್ರಿ ಹತ್ತಿರ ಹೋಗುತ್ತದೆ, ಬೇರೆ ವಾಟರ್ ಬಾತ್ ಯಾಕೆ ಅನ್ನಿಸಿತು. ಬಿಳಿ ಕಾಲೊನಿ ಡಜನ್‌ಗಟ್ಟಲೆ ಬಂದವು. ಖುಷಿಯಾಗಿ ಸೆಮಿನಾರಿನಲ್ಲೂ ತೋರಿಸಿದೆ. ಆಮೇಲೆ ಗ್ಲಿಸರಾಲ್ ಪ್ಲೇಟಿಗೆ ಹಾಕಿದರೆ ಹತ್ತರಲ್ಲಿ ಒಂಬತ್ತು ಬೆಳೆಯಲೇ ಇಲ್ಲ. ಬೆಳೆಯದವೆಲ್ಲಾ ಪೆಟೀಟ್, ಅಂದರೆ ಉಸಿರಾಟ ಕೆಟ್ಟು ಗ್ಲಿಸರಾಲ್ ಬಳಸಲಾಗದ ಯೀಸ್ಟ್! ಉಸಿರಾಟ ಕೆಟ್ಟ ಕೋಶದಲ್ಲಿ ಕೆಂಪು ಬಣ್ಣ ಕೂಡಿಕೊಳ್ಳುವುದಿಲ್ಲ, ಅಷ್ಟೇ. ಅಡಿನಿನ್ ಇಲ್ಲದ ಪ್ಲೇಟಿಗೆ (ಅಲ್ಲಿ ಪ್ರಿಯಾನ್ ಕಾಲೊನಿ ಬೆಳೆಯುತ್ತದೆ, ಬರೀ ಪೆಟೀಟ್ ಬೆಳೆಯುವುದಿಲ್ಲ) ಹಾಕಿದ್ದರೆ ಅದೇ ವಾರ ಗೊತ್ತಾಗುತ್ತಿತ್ತು. ಖರ್ಚು ಉಳಿಸಲು ಹೋಗಿ ನಾಲ್ಕು ತಿಂಗಳು ಕಳೆದುಕೊಂಡೆ.

ನಂತರ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಅಂಗಡಿಯ 6% ಬಾಟಲಿ, ಮೂವತ್ತು ರೂಪಾಯಿ ಇರಬೇಕು. ತೆರೆದ ಬಾಟಲಿ ಸೆಕೆಗೆ ಕಿಟಕಿ ಹತ್ತಿರವೇ ಇತ್ತು, ಶಕ್ತಿ ಇಳಿದಿತ್ತು, ಏನೂ ಆಗಲಿಲ್ಲ. ಹೊಸ ಬಾಟಲಿ ತಂದು ಅದೇ ಅಳತೆ ಹಾಕಿದೆ, ಕೋಶ ಎಲ್ಲಾ ಸತ್ತವು. ಈಗ ಪ್ರತಿ ಸಲ ಪರ್ಮಾಂಗನೇಟ್‌ನಿಂದ ಟೈಟ್ರೇಟ್ ಮಾಡಿಯೇ ಬಳಸುತ್ತೇನೆ. ಹೆಚ್ಚುಕಮ್ಮಿ ಅರ್ಧ ಕೋಶ ಬದುಕುವ ಅಳತೆ ನನಗೆ ಸರಿ ಹೊಂದಿತು. ಎಷ್ಟು ಹೊತ್ತು ಇಡಬೇಕು, ತೊಳೆದ ಮೇಲೆ ಯಾವುದರಲ್ಲಿ ಸುಧಾರಿಸಿಕೊಳ್ಳಲು ಬಿಡಬೇಕು ಅನ್ನುವುದು ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

ಲೆಕ್ಕ ಮಾತ್ರ ಬದುಕಿದ ಕೋಶದ ಮೇಲೆ ಹಾಕಿ. ಒಂದು ಕೋಟಿ ಕೋಶಕ್ಕೆ ಸ್ಟ್ರೆಸ್ ಇಲ್ಲದ ಪ್ಲೇಟಿನಲ್ಲಿ ಎಂಟೋ ಹತ್ತೋ ಕಾಲೊನಿ ಬರುತ್ತಿದ್ದವು, ಸ್ಟ್ರೆಸ್ ಕೊಟ್ಟದ್ದರಲ್ಲಿ ಅರವತ್ತರ ಮೇಲೆ. ಇವೂ ಎಲ್ಲಾ ನಿಜವಲ್ಲ, ಮ್ಯುಟೇಶನ್ ಇರುತ್ತದೆ ಅಲ್ವಾ? ಗ್ವಾನಿಡಿನ್ ಬೇಕೇ ಬೇಕು: ಅದು ಪ್ರಿಯಾನನ್ನು ಹೋಗಲಾಡಿಸುತ್ತದೆ, ಮ್ಯುಟೇಶನ್ ಹಾಗೇ ಉಳಿಯುತ್ತದೆ. ಎರಡು ಸಾವಿರ ಚಿಲ್ಲರೆ ಕೊಟ್ಟು ಒಂದು ಬಾಟಲಿ ತಂದೆ. 5 ಮಿಲಿಮೋಲಾರ್ ಪ್ಲೇಟಿನಲ್ಲಿ ಮೂರು ಸಲ ಗೀರಿ, ಮತ್ತೆ ಸಾದಾ ವೈಪಿಡಿಗೆ ತಂದೆ. ಮೂರನೇ ದಿನ ತಿಳಿ ಗುಲಾಬಿ. ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟು ತೆಗೆದರೆ ದಾಳಿಂಬೆ ಕಾಳಿನ ಕೆಂಪು. ಪಕ್ಕದಲ್ಲೇ ಮ್ಯುಟೇಶನ್ ಕಾಲೊನಿ ಹಾಗೇ ಬೆಳ್ಳಗೆ ಕೂತಿತ್ತು. ಆ ಪ್ಲೇಟನ್ನೇ ಸೆಮಿನಾರಿಗೆ ಒಯ್ದೆ. ಪರೀಕ್ಷೆ ದಾಟಿದ್ದನ್ನಷ್ಟೇ ಎಣಿಸಿದರೂ ಎಂಟು-ಹತ್ತು ಪಟ್ಟು ಜಾಸ್ತಿ. ಸ್ಟ್ರೆಸ್‌ನಿಂದ ಯೀಸ್ಟಿನಲ್ಲಿ ಪ್ರಿಯಾನ್ ಹೆಚ್ಚುತ್ತದೆ ಅಂತ 2008ರಲ್ಲಿ ಅಮೆರಿಕದ ವಿಜ್ಞಾನಿ ಸೂಸನ್ ಲಿಂಡ್‌ಕ್ವಿಸ್ಟ್ ತಂಡ ಹೇಳಿದ್ದು ನಮ್ಮ ಸಣ್ಣ ಲ್ಯಾಬಿನಲ್ಲೂ ಕಾಣಿಸಿತು! ಪೊಟ್ಯಾಸಿಯಂ ಕ್ಲೋರೈಡ್ ಕೂಡ ನೋಡಿದೆ, ಎರಡು ಪಟ್ಟು ದಾಟಲಿಲ್ಲ.

ನಡುವೆ ತಿಕೋಟಾ ಕಡೆಯ ಒಣದ್ರಾಕ್ಷಿಯಿಂದ ಯೀಸ್ಟ್ ತೆಗೆದೆ. ಇವುಗಳಲ್ಲಿ ಕೆಂಪು-ಬಿಳಿ ಗುರುತು ಇಲ್ಲ. ಗ್ವಾನಿಡಿನ್ ಕೊಟ್ಟ ಮೇಲೆ ಉಪ್ಪು ತಡೆಯುವ ಶಕ್ತಿ ಬದಲಾಗುತ್ತದಾ ಅಂತಷ್ಟೇ ನೋಡುತ್ತಿದ್ದೇನೆ. ಹನ್ನೊಂದರಲ್ಲಿ ಎರಡು ಬದಲಾಗಿವೆ. ಆ ಎರಡನ್ನೂ ಮತ್ತೆ ಗೀರಿ ಇಟ್ಟಿದ್ದೇನೆ.