ಅಕ್ಕನ ಮದುವೆ ಕ್ಯಾಸೆಟ್ಟಿನಿಂದ ಒಂದು ಸಣ್ಣ ಚಿತ್ರ

1996ರಲ್ಲಿ ಮುಂಬೈನ ಮಾಟುಂಗಾದ ಒಂದು ಹಾಲ್‌ನಲ್ಲಿ ನಮ್ಮ ಅಕ್ಕನ ಮದುವೆ ಆಯ್ತು. ವಿಡಿಯೋ ತೆಗೆದವನು ನಾನೇ. ಆಗಿನ ರೂಢಿಯಂತೆ ಎಡಿಟಿಂಗ್‌ನಲ್ಲಿ ಮಾತನ್ನೆಲ್ಲ ತೆಗೆದು ಉದ್ದಕ್ಕೂ ಸಿನಿಮಾ ಹಾಡು ತುಂಬಿಸಿದ್ದೆ. ಹೋದ ವರ್ಷ ಅಕ್ಕ-ಭಾವನ ಬಗ್ಗೆ ಚಿತ್ರ ಮಾಡಲು ಹೊರಟಾಗ ನನಗೆ ಬೇಕಾಗಿದ್ದು ಆ ಮಾತುಗಳೇ.

ಅಟ್ಟದಲ್ಲಿ ಎಡಿಟ್ ಮಾಡದ ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿತು. ಮುಂಬೈ ಮಳೆಗಾಲದ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಅಂಥದ್ದನ್ನು ಹಾಗೇ ವಿಸಿಆರ್‌ಗೆ ಹಾಕಬೇಡಿ, ಟೇಪು ಓದುವ ಹೆಡ್ ಕೊಳೆಯಾಗುತ್ತದೆ, ಆಮೇಲೆ ಹಾಕುವ ಒಳ್ಳೆ ಕ್ಯಾಸೆಟ್ಟಿಗೂ ಅದು ಹತ್ತಿಕೊಳ್ಳುತ್ತದೆ. ತಿಳಿದವರ ಹತ್ತಿರ ಒರೆಸಿಸಿದೆ, ನಲವತ್ತು ನಿಮಿಷ ಉಳಿಯಿತು. ಅದರಲ್ಲಿ ಜನ ಉಡುಗೊರೆ ಕೊಡಲು ಸಾಲು ನಿಂತಿದ್ದಾರೆ, ಭಾವ ಬಗ್ಗಿ ಅಕ್ಕನಿಗೆ ಮೆಲ್ಲಗೆ ಹೇಳುತ್ತಾರೆ: "ಕಾಲು ನೋಯ್ತಿದ್ರೆ ನೀವು ಕೂತ್ಕೊಳ್ಳಿ."

ನೀವು! ಅದೊಂದು ಮಾತಿಗಾಗಿಯೇ ಚಿತ್ರ ಮಾಡಬೇಕು ಅನ್ನಿಸಿತು.

ಡೊಂಬಿವಲಿಯ ಅವರ ಮನೆಯಲ್ಲಿ ಮೊದಲ ಎರಡು ದಿನ ಪ್ರಶ್ನೆ ಕೇಳಿದೆ. ಇಬ್ಬರೂ ಸಭೆಯಲ್ಲಿ ಕೂತವರ ಹಾಗೆ ಉತ್ತರ ಕೊಟ್ಟರು, ಒಂದೂ ಕೆಲಸಕ್ಕೆ ಬರಲಿಲ್ಲ. ಮೂರನೇ ದಿನ ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು ನಾನು ಸುಮ್ನೆ ಬಾಲ್ಕನಿಗೆ ಹೋದೆ. ಅಕ್ಕ ಬಸಳೆ ಸೋಸುತ್ತಾ ಕೂತಳು, ಭಾವ ಪೇಪರ್ ಓದುತ್ತಾ ಕೂತರು, ಹನ್ನೊಂದು ನಿಮಿಷ ಮಾತಿಲ್ಲ, ದೂರದಲ್ಲಿ ಲೋಕಲ್ ರೈಲು ಹೋದ ಸದ್ದು, ಆಮೇಲೆ ಅಕ್ಕ ಏಳಲು ಹೊರಟಾಗ ಭಾವ ಪೇಪರಿನಿಂದ ತಲೆ ಎತ್ತದೆ "ಕೂತ್ಕೋ ಮಾರಾಯ್ತಿ, ನೀರು ನಾನು ತರ್ತೇನೆ" ಅಂದರು. ನನಗೆ ಬೇಕಾಗಿದ್ದು ಸಿಕ್ಕಿತ್ತು.

ಮಾತು ಕಡಿಮೆ ಇರುವ ಚಿತ್ರದಲ್ಲಿ ಸಣ್ಣ ಸದ್ದೂ ಕೇಳುತ್ತದೆ. ಫ್ರಿಜ್ ಆಫ್ ಮಾಡಿ. ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ಬೇರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಕತ್ತರಿಸಿದ ಜಾಗಗಳನ್ನು ಜೋಡಿಸಲು ಬೇಕಾಗುತ್ತದೆ. ನಮ್ಮ ಹಳೇ ಟೇಪು ಸೆಕೆಂಡಿಗೆ 25 ಫ್ರೇಮಿನದು, ಅಂದರೆ 25 ಬಿಡಿ ಚಿತ್ರಗಳದು, ಹಾಗಾಗಿ ಹೊಸದನ್ನೂ 25ರಲ್ಲೇ ತೆಗೆದೆ. ಹಳೇ ಚೌಕಟ್ಟು 4:3 (ಅಗಲ ನಾಲ್ಕು ಪಾಲಾದರೆ ಎತ್ತರ ಮೂರು), ಅದನ್ನು ಅಗಲಕ್ಕೆ ಎಳೆಯಬೇಡಿ, ಮುಖ ದಪ್ಪಗಾಗುತ್ತದೆ. ಎರಡೂ ಬದಿ ಕಪ್ಪು ಬಿಟ್ಟರೆ ಸಾಕು. ಹಾಡು ಈ ಸಲ ಎಲ್ಲೂ ಹಾಕಲಿಲ್ಲ.

ಚಿತ್ರ ಹತ್ತೊಂಬತ್ತು ನಿಮಿಷ ಆಯ್ತು. ಅವರ ಮನೆಯ ಟಿವಿಯಲ್ಲೇ ಮೊದಲು ತೋರಿಸಿದೆ.

"ನಾನು ಇವಳಿಗೆ ನೀವು ಅಂತಿದ್ನಾ?" ಅಂದರು ಭಾವ.

"ಒಂದು ತಿಂಗಳು ಹಾಗೇ ಅಂತಿದ್ರಿ," ಅಂದಳು ಅಕ್ಕ. "ಊರಿಂದ ಅತ್ತೆ ಬಂದು ನಕ್ಕ ಮೇಲೆ ಬಿಟ್ಟದ್ದು."