ಓದುವ ಹೊತ್ತಿನ ಪ್ರಕಾರ ಕಪಾಟು: ಬಾಡಿಗೆ ಲೈಬ್ರರಿಯಲ್ಲಿ ನನ್ನ ಅನುಭವ

ಲೇಖಕರ ಹೆಸರಿನ ಅಕಾರಾದಿ ಬಿಟ್ಟು, ಜನ ಓದುವ ಹೊತ್ತಿನ ಪ್ರಕಾರ ಪುಸ್ತಕ ಜೋಡಿಸುತ್ತೇನೆ ಅಂದಾಗ ಬೇರೆ ಬಾಡಿಗೆ ಲೈಬ್ರರಿ ನಡೆಸುವವರೇ ಬೇಡ ಅಂದಿದ್ದರು. ಎರಡು ವರ್ಷ ಆಯಿತು. ನನ್ನ ಲೈಬ್ರರಿಯಲ್ಲಿ ಇರುವುದು ಮೂರು ಸಾವಿರದ ಚಿಲ್ಲರೆ ಪುಸ್ತಕ. ತಿಂಗಳಿಗೆ ನಾನೂರರ ಆಸುಪಾಸು ಹೊರಗೆ ಹೋಗುತ್ತಿದ್ದದ್ದು ಈಗ ಏಳುನೂರು ದಾಟುತ್ತದೆ.

ಕಪಾಟು ನಾಲ್ಕು: ಬಸ್ಸು, ಮಧ್ಯಾಹ್ನ, ರಾತ್ರಿ, ರಜೆ. ಹರಿಹರ–ದಾವಣಗೆರೆ ಓಡಾಡುವವರಿಗೆ ಸಿಗುವುದು ಅರ್ಧ ಗಂಟೆ, ಅದೂ ಸೀಟು ಸಿಕ್ಕರೆ. ಹತ್ತು ಪುಟದೊಳಗೆ ಮುಗಿಯುವ ಕಥೆ, ಹರಟೆ, ಒಂದು ಕೈಯಲ್ಲಿ ಹಿಡಿಯುವಂಥ ಕ್ರೌನ್ ಸೈಜು ಮಾತ್ರ ಬಸ್ಸಿಗೆ. ಮಧ್ಯಾಹ್ನದ್ದು ಸಾಂಸಾರಿಕ ಕಾದಂಬರಿ. ಪಾತ್ರೆ ತೊಳೆದಿಟ್ಟು ಟೀ ಹೊತ್ತಿನವರೆಗೆ ಓದುವ ಹೆಂಗಸರು ವಾರಕ್ಕೆ ಮೂರು ಮುಗಿಸುತ್ತಾರೆ. ಇವರದು ಬರೀ ಕಾಲಹರಣದ ಓದು ಅನ್ನುವವರು ನನ್ನ ಲೆಡ್ಜರ್ ನೋಡಬೇಕು. ಅಂಗಡಿ ನಿಂತಿರುವುದೇ ಇವರಿಂದ.

ಯಾರು ಎಲ್ಲಿಗೆ ನಿಲ್ಲಿಸಿದರು ಅನ್ನುವುದು ಗೊತ್ತಾಗದೆ ಈ ಪದ್ಧತಿ ನಡೆಯುವುದಿಲ್ಲ. 40ನೇ ಪುಟದಲ್ಲೊಂದು, ಮುಕ್ಕಾಲು ಭಾಗದಲ್ಲೊಂದು ಬೆರಳಗಲದ ತೆಳು ಕಾಗದದ ಪಟ್ಟಿಯನ್ನು ಹೊಲಿಗೆಯ ಬುಡಕ್ಕೆ ಒತ್ತಿ ಇಡುತ್ತೇನೆ; ಆ ಪುಟ ತೆರೆದರೆ ಪಟ್ಟಿ ಬೀಳುತ್ತದೆ. ಪುಸ್ತಕ ವಾಪಸ್ ಬಂದಾಗ ಮೊದಲನೆಯದು ಅಲುಗದೆ ಇದ್ದರೆ ಆ ಪುಸ್ತಕದ ಬಾಡಿಗೆ ಬಿಡುತ್ತೇನೆ, ಮುಂದಿನದನ್ನು ಬೇರೆ ಕಪಾಟಿನಿಂದ ಕೊಡುತ್ತೇನೆ. 

ಕೈ ಸುಟ್ಟದ್ದು ಎರಡು ಕಡೆ. ದಿನಕ್ಕೆ ಎರಡು ರೂಪಾಯಿ ದಂಡ ಇಟ್ಟೆ: ದಪ್ಪ ಪುಸ್ತಕ ಒಯ್ಯುವವರು ದಂಡಕ್ಕೆ ಹೆದರಿ ಬರುವುದನ್ನೇ ಬಿಟ್ಟರು, ಪುಸ್ತಕವೂ ಹೋಯಿತು. ದಂಡ ತೆಗೆದು ಡಿಪಾಸಿಟ್ಟನ್ನು 200ರಿಂದ 500ಕ್ಕೆ ಏರಿಸಿದ ಮೇಲೆ ಸರಿಯಾಯಿತು. ಎರಡನೆಯದು, ಪ್ರಶಸ್ತಿ ಬಂದ ಪುಸ್ತಕಗಳಿಗೆ ಹದಿನೆಂಟು ಸಾವಿರದಷ್ಟು ಸುರಿದು, ‘ಶ್ರೇಷ್ಠ ಸಾಹಿತ್ಯ’ ಅಂತ ಒಂದೇ ಕಡೆ ಇಟ್ಟದ್ದು. ಅರ್ಧಕ್ಕರ್ಧ ಧೂಳು ತಿಂದವು. ಒಡೆದು ನಾಲ್ಕೂ ಕಪಾಟಿಗೆ ಹಂಚಿದ ಮೇಲೆ ಹೋಗತೊಡಗಿದವು. ಪತ್ತೇದಾರಿ ಬಿಟ್ಟು ಬೇರೆ ಮುಟ್ಟದವರಿಗೆ ‘ಕರ್ವಾಲೊ’ ಕೊಟ್ಟು ನೋಡಿ. ಹಾರುವ ಓತಿಯ ಹುಡುಕಾಟ ಅವರನ್ನು ಬಿಡುವುದಿಲ್ಲ. ಎರಡನೇ ಪಟ್ಟಿಯೂ ಬಿದ್ದೇ ವಾಪಸ್ ಬರುತ್ತದೆ.

ಬೈಂಡಿಂಗ್ ಬಗ್ಗೆ ಒಂದು ಮಾತು. ಬರೀ ಅಂಟಿನ ಪುಸ್ತಕ ಹದಿನೈದಿಪ್ಪತ್ತು ಕೈ ದಾಟಿದರೆ ಹಾಳೆ ಉದುರುತ್ತದೆ. ದಬ್ಬಳದಿಂದ ತೂತು ಕೊರೆದು ಪಕ್ಕದ ಹೊಲಿಗೆ ಹಾಕಿದರೆ ಗಟ್ಟಿ, ಆದರೆ ಒಳಮಾರ್ಜಿನ್ ನುಂಗಿಹೋಗುತ್ತದೆ. ಮಲಗಿ ಓದುವವರು ಅಂಥದ್ದನ್ನು ಅರ್ಧಕ್ಕೇ ಬಿಡುತ್ತಾರೆ. ಹಾಗಾಗಿ ರಾತ್ರಿ ಕಪಾಟಿನದಕ್ಕೆ ಖರ್ಚು ಜಾಸ್ತಿಯಾದರೂ ಫಾರಂ ಫಾರಂ (ಮಡಚಿದ ಹಾಳೆಗಳ ಒಂದೊಂದೇ ಕಟ್ಟನ್ನು ಮಡಿಕೆಯಲ್ಲಿ) ಹೊಲಿಸಿದ ಪ್ರತಿಯನ್ನೇ ಹುಡುಕಿ ಕೊಳ್ಳುತ್ತೇನೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಬೀಳುವುದಿಲ್ಲ. ನುಸಿ ಗುಳಿಗೆ ಬೇಡ. ವಾಸನೆಗೆ ತಲೆನೋವು ಅಂತ ಪುಸ್ತಕ ತೆರೆಯದೇ ವಾಪಸ್ ತರುತ್ತಾರೆ.

ಈಗ ಆರುನೂರು ಪುಟ ಮೀರಿದ ಕಾದಂಬರಿಗಳನ್ನು ಅಧ್ಯಾಯ ಮುಗಿಯುವಲ್ಲಿ ಕತ್ತರಿಸಿ ಎರಡು ಬೈಂಡ್ ಮಾಡಿಸಿದ್ದೇನೆ, ಐದು ಪುಸ್ತಕ ಮಾತ್ರ. ಮೊದಲರ್ಧ ಒಯ್ದವರಲ್ಲಿ ಮೂರರಲ್ಲಿ ಇಬ್ಬರು ಎರಡನೆಯದಕ್ಕೆ ಬಂದಿದ್ದಾರೆ. ಎರಡಕ್ಕೂ ಸೇರಿ ಒಂದೇ ಬಾಡಿಗೆ.